ಒಂದು ಸ್ಟೇಷನ್, ಹಲವು ಯಜಮಾನರು: ಮೈಸೂರು ಬಾನುಲಿಯ ಚರಿತ್ರೆಯನ್ನು ಓದುವ ಬಗೆ

(ಮೈಸೂರಿನಲ್ಲಿ ಸ್ಥಳೀಯ ಚರಿತ್ರೆಯ ಆಸಕ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಬಾನುಲಿ ಕೇಂದ್ರ ಅಂದರೆ ಯಾವುದು? ಯಾದವಗಿರಿಯ ಆ ಕಟ್ಟಡವೇ? ಅದರ ಕಂಬವೇ? 100.6 ಎಂಬ ಎಫ್‌ಎಂ ಸಂಖ್ಯೆಯೇ? ‘ಆಕಾಶವಾಣಿ’ ಎಂಬ ಹೆಸರೇ? ಮೈಸೂರು ಬಾನುಲಿಯ ಬಗ್ಗೆ ಬಂದಿರುವ ಬರಹಗಳಲ್ಲಿ ಇವೆಲ್ಲ ಒಂದೇ ಎಂಬಂತೆ ಕಲಸಿಹೋಗಿವೆ. ಹಾಗಾಗಿಯೇ ‘1935ರಿಂದ ಎಡೆಬಿಡದೆ ನಡೆದುಬಂದ ಕೇಂದ್ರ’ ಎಂದು ಒಬ್ಬರು ಬರೆಯುತ್ತಾರೆ, ‘1974ರಲ್ಲಿ ಶುರುವಾಯಿತು’ ಎಂದು ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಹೆಸರಿನ ಚರಿತ್ರೆ ಬರೆದರು, ಇನ್ನೊಬ್ಬರು ಸ್ಟುಡಿಯೋದ್ದು.

ಆದ್ದರಿಂದ ಮೊದಲೇ ನಾಲ್ಕು ಎಳೆ ಬೇರೆ ಮಾಡಿಕೊಳ್ಳೋಣ: ಪ್ರಸಾರದ ಅನುಮತಿ ಯಾರ ಹೆಸರಲ್ಲಿದೆ, ಟ್ರಾನ್ಸ್‌ಮಿಟರ್ ಯಾರದು, ಸ್ಟುಡಿಯೋ ಎಲ್ಲಿದೆ, ಹೆಸರು ಯಾರ ಬಳಿ ಇದೆ. ಇದರ ಜೊತೆಗೆ ಐದನೆಯ ಪ್ರಶ್ನೆ ಒಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ: ದುಡ್ಡು ಯಾರು ಕೊಡುತ್ತಾರೆ? ಯಜಮಾನ ಬದಲಾದರೆ ಕಾರ್ಯಕ್ರಮದ ಧಾಟಿ ಬದಲಾಗುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮೈಸೂರಿನ ಉದಾಹರಣೆ ನೋಡಿದರೆ ಹಾಗಿಲ್ಲ. ದುಡ್ಡಿನ ದಾರಿ ಬದಲಾದಾಗ ಮಾತ್ರ ಧಾಟಿ ಬದಲಾಗಿದೆ.

1935ಕ್ಕೆ ಹೋಗೋಣ. ಅಷ್ಟರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಖಾಸಗಿ ಬಾನುಲಿ ಸೋತಾಗಿತ್ತು. ಮದರಾಸಿನ ರೇಡಿಯೋ ಕ್ಲಬ್ಬು 1924ರಲ್ಲಿ ಪ್ರಸಾರ ಶುರುಮಾಡಿ 1927ರಲ್ಲಿ ದುಡ್ಡಿಲ್ಲದೆ ನಿಲ್ಲಿಸಿತು. ಅದೇ 1927ರಲ್ಲಿ ಮುಂಬಯಿ, ಕಲ್ಕತ್ತಗಳಲ್ಲಿ ಕೇಂದ್ರ ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮೂರೇ ವರ್ಷದಲ್ಲಿ ದಿವಾಳಿಯಾಯಿತು. ಅದರ ಆದಾಯ ನಿಂತದ್ದು ಕೇಳುಗರು ಸರ್ಕಾರಕ್ಕೆ ಕಟ್ಟುವ ರೇಡಿಯೋ ಲೈಸೆನ್ಸ್ ಹಣದಲ್ಲಿ ಬರುವ ಪಾಲಿನ ಮೇಲೆ, ಸೆಟ್‌ಗಳ ಮೇಲಿನ ವಂತಿಗೆಯ ಮೇಲೆ. ಸೆಟ್ ಇಟ್ಟುಕೊಂಡವರೇ ಕೆಲವು ಸಾವಿರ ಮಂದಿ, ಅವರಲ್ಲೂ ಲೈಸೆನ್ಸ್ ಮಾಡಿಸದವರು ಬೇಕಾದಷ್ಟು. 1930ರ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ತಾನೇ ವಹಿಸಿಕೊಂಡಿತು. 1935ರ ಆಗಸ್ಟ್ 30ರಂದು ಲಯೊನೆಲ್ ಫೀಲ್ಡನ್ ದೆಹಲಿಯಲ್ಲಿ ಬಾನುಲಿಯ ಮೊದಲ ಕಂಟ್ರೋಲರ್ ಆಗಿ ಅಧಿಕಾರ ವಹಿಸಿಕೊಂಡರು. ಹನ್ನೊಂದು ದಿನ ಕಳೆದು, ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಒಬ್ಬ ಪ್ರೊಫೆಸರು ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದರು. ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಹುಟ್ಟಲು ಆಗ ಇನ್ನೂ ಒಂಬತ್ತು ತಿಂಗಳು ಬಾಕಿ.

ಡಾ. ಎಂ.ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ‘ವಿಠ್ಠಲ ವಿಹಾರ’ ಎಂಬ ಅವರ ಮನೆ ಈಗಿನ ಆಕಾಶವಾಣಿ ಕಟ್ಟಡದಿಂದ ಇನ್ನೂರು ಗಜ ದೂರ. ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. 30 ವ್ಯಾಟ್ ಅಂದರೆ ಮನೆಯ ಒಂದು ಮಂಕು ಬಲ್ಬಿನಷ್ಟು ಎಂದು ನಕ್ಕುಬಿಡುವವರಿದ್ದಾರೆ. ಬಾನುಲಿಯಲ್ಲಿ ಲೆಕ್ಕ ಹಾಗೆ ನಡೆಯುವುದಿಲ್ಲ. ಅಂದಿನ ಊರಿನಲ್ಲಿ ಮೋಟಾರು, ಟ್ಯೂಬ್‌ಲೈಟು, ಮೊಬೈಲ್ ಚಾರ್ಜರುಗಳ ಗದ್ದಲ ಇರಲಿಲ್ಲ. ಒಳ್ಳೆಯ ಏರಿಯಲ್ ತಂತಿ ಎಳೆದು, ನೆಲಕ್ಕೆ ಅರ್ಥ್ ಕೊಟ್ಟ ವಾಲ್ವ್ ಸೆಟ್‌ಗೆ ಊರೊಳಗೆ ಅಷ್ಟು ಸಾಕು. ಕೇಂದ್ರದ ಶಕ್ತಿ ಆಮೇಲೆ 250 ವ್ಯಾಟ್‌ಗೆ ಏರಿತು. ಶಕ್ತಿ ಎಂಟು ಪಟ್ಟಿಗೂ ಹೆಚ್ಚಾಯಿತು, ಹಾಗಾದರೆ ದೂರವೂ ಎಂಟು ಪಟ್ಟೇ? ಅಲ್ಲ. ಒಂದು ಜಾಗದಲ್ಲಿ ಸಿಗುವ ಸಿಗ್ನಲ್ಲಿನ ಬಲ ಟ್ರಾನ್ಸ್‌ಮಿಟರ್ ಶಕ್ತಿಯ ವರ್ಗಮೂಲದಷ್ಟು ಮಾತ್ರ ಏರುತ್ತದೆ. 8.3ರ ವರ್ಗಮೂಲ ಸುಮಾರು 2.9. ಅದರಲ್ಲೂ ಮಣ್ಣು ಹೀರಿಕೊಳ್ಳುವುದು ಹೋಗಿ ಉಳಿದದ್ದೇ ಲಾಭ. ಹಳೆಯ ಕೇಂದ್ರಗಳ ಬಗ್ಗೆ ಬರೆಯುವಾಗ ‘ಶಕ್ತಿ ದುಪ್ಪಟ್ಟಾಯಿತು, ವ್ಯಾಪ್ತಿ ದುಪ್ಪಟ್ಟಾಯಿತು’ ಎಂದು ಬರೆಯಬೇಡಿ. ಅದು ಎಲ್ಲೂ ಆಗಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಈ ಕೇಂದ್ರಕ್ಕೆ ಜಾಹೀರಾತು ಇರಲಿಲ್ಲ, ಕೇಳುಗರ ಲೈಸೆನ್ಸ್ ಹಣದ ಪಾಲು ಇರಲಿಲ್ಲ. ಪ್ರೊಫೆಸರರೇ ಕೈಯಿಂದ ಹಾಕಿದರು. ದುಡ್ಡು ಒಬ್ಬರದ್ದು, ನೆರವು ಸ್ನೇಹಿತರದ್ದು ಅಂದಮೇಲೆ ಕಾರ್ಯಕ್ರಮ ಹೇಗಿರುತ್ತದೆ ಹೇಳಿ? ಊರಿನಲ್ಲಿ ಯಾರು ಇದ್ದಾರೋ ಅವರದು. ಮೈಸೂರಿನ ಅದೃಷ್ಟಕ್ಕೆ ಆಗ ಊರಿನಲ್ಲಿ ಇದ್ದವರು ಅರಮನೆಯ ವಿದ್ವಾಂಸರು, ಮಹಾರಾಜಾ ಕಾಲೇಜಿನ ಅಧ್ಯಾಪಕರು. ಸಂಗೀತ, ಭಾಷಣ, ನಾಟಕ, ಎಲ್ಲವೂ ನೇರ ಪ್ರಸಾರ. ಮ್ಯಾಗ್ನೆಟಿಕ್ ಟೇಪು ಭಾರತದ ಸ್ಟುಡಿಯೋಗಳಿಗೆ ಬಂದದ್ದು ಬಹಳ ಕಾಲದ ಮೇಲೆ. ಆ ವರ್ಷಗಳ ಧ್ವನಿ ಹುಡುಕಿಕೊಂಡು ಹೋಗುವವರು ಇದನ್ನು ಮರೆಯಬಾರದು: ಆ ಪ್ರಸಾರಗಳು ಕಳೆದುಹೋಗಿಲ್ಲ, ಅವು ದಾಖಲಾಗಲೇ ಇಲ್ಲ.

ಸುಮಾರು ಆರು ವರ್ಷ ಹೀಗೆ ನಡೆಯಿತು. 1940ರ ದಶಕದ ಆರಂಭದಲ್ಲಿ ಕೇಂದ್ರ ಮೊದಲು ಮೈಸೂರು ಪುರಸಭೆಯ ಕೈಗೆ, ಅಲ್ಲಿಂದ ಸಂಸ್ಥಾನ ಸರ್ಕಾರದ ಕೈಗೆ ಹೋಯಿತು. ಯುದ್ಧದ ಕಾಲ ಅದು. ವಾಲ್ವು ಸುಟ್ಟರೆ ಹೊರದೇಶದಿಂದ ಬದಲಿ ತರಿಸುವುದು ಖಾಸಗಿ ಮನುಷ್ಯನ ಅಳವಿಗೆ ಮೀರಿದ್ದು.

ಸಂಸ್ಥಾನಕ್ಕೆ ತನ್ನದೇ ಬಾನುಲಿ ಹೇಗೆ ಸಾಧ್ಯವಾಯಿತು ಎಂದು ಕೇಳುವವರಿದ್ದಾರೆ. 1935ರ ಭಾರತ ಸರ್ಕಾರ ಕಾಯ್ದೆಯ 129ನೇ ಸೆಕ್ಷನ್ ನೋಡಿ. ಪ್ರಾಂತ್ಯಗಳೂ ಒಕ್ಕೂಟ ಸೇರುವ ಸಂಸ್ಥಾನಗಳೂ ಬಾನುಲಿ ನಡೆಸಲು ಕೇಳಿದರೆ ಸಕಾರಣವಿಲ್ಲದೆ ನಿರಾಕರಿಸಬಾರದು ಎಂದು ಅದರಲ್ಲಿದೆ. ಆ ಒಕ್ಕೂಟ ಜಾರಿಗೇ ಬರಲಿಲ್ಲ, ಅದು ಬೇರೆ ಮಾತು. ಆದರೆ ಕಾಲದ ಮನಸ್ಸು ಹಾಗಿತ್ತು. ಹೈದರಾಬಾದು, ಔರಂಗಾಬಾದು, ತಿರುವಾಂಕೂರು, ಬರೋಡ, ಮೈಸೂರು, ಈ ಐದೂ ಕಡೆ ದೇಶೀ ಸಂಸ್ಥಾನಗಳ ಕೇಂದ್ರಗಳಿದ್ದವು. 1947ರಲ್ಲಿ ಭಾರತದ ಪಾಲಿಗೆ ಬಂದ ಆಲ್ ಇಂಡಿಯಾ ರೇಡಿಯೋ ಕೇಂದ್ರಗಳೇ ಆರು: ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು, ಲಖನೌ, ತಿರುಚಿರಾಪಳ್ಳಿ. ಕನ್ನಡ ನಾಡಿನಲ್ಲಿ ಒಂದೂ ಇಲ್ಲ. ಮೈಸೂರು ಕೇಂದ್ರದ ತೂಕ ಅರ್ಥವಾಗಬೇಕಾದರೆ ಈ ಪಟ್ಟಿ ನೆನಪಿರಲಿ.

1950ರಲ್ಲಿ ಸಂವಿಧಾನ ಬಂತು. ಏಳನೇ ಅನುಸೂಚಿ, ಕೇಂದ್ರ ಪಟ್ಟಿ, 31ನೇ ಬಾಬತ್ತು: ಅಂಚೆ, ತಂತಿ, ದೂರವಾಣಿ, ನಿಸ್ತಂತು, ಬಾನುಲಿ. ಅಲ್ಲಿಗೆ ರಾಜ್ಯಕ್ಕೆ ಬಾನುಲಿಯ ಹಕ್ಕು ಮುಗಿಯಿತು. ಅದೇ ವರ್ಷ ಏಪ್ರಿಲ್ 1ರಂದು ಮೈಸೂರು ಕೇಂದ್ರ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಮೂರು ತಿಂಗಳ ಹಿಂದೆ, ಜನವರಿ 8ರಂದು, ಧಾರವಾಡ ಶುರುವಾಗಿತ್ತು. ಅದು ಮೊದಲಿನಿಂದಲೇ ಆಲ್ ಇಂಡಿಯಾ ರೇಡಿಯೋದ ಕೂಸು.

ಇನ್ನು 1955ರ ನವೆಂಬರ್. ಕೇಂದ್ರ ಬೆಂಗಳೂರಿಗೆ ಹೋಯಿತು. ಮೈಸೂರಿನವರು ಇದನ್ನು ಇವತ್ತಿಗೂ ‘ಕಿತ್ತುಕೊಂಡು ಹೋದರು’ ಎಂದೇ ಹೇಳುತ್ತಾರೆ. ಆ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ಕಾರಣ ಒಂದಿಷ್ಟು ತಾಂತ್ರಿಕವೂ ಹೌದು, ಅದನ್ನೂ ಕೇಳಿ.

ಇಡೀ ರಾಜ್ಯಕ್ಕೆ ಕೇಳಿಸಬೇಕಾದರೆ ಆಗ ಇದ್ದ ದಾರಿ ಮೀಡಿಯಂ ವೇವ್, ಅಂದರೆ ನೆಲ ಹಿಡಿದು ದೂರ ಸಾಗುವ ಅಲೆ. ಅದರ ಕಂಬ ಏರಿಯಲನ್ನು ಹೊತ್ತ ಗೋಪುರ ಅಲ್ಲ, ಕಂಬವೇ ಏರಿಯಲ್. ಅದರ ಎತ್ತರ ತರಂಗಾಂತರದ ಕಾಲು ಭಾಗದಷ್ಟಾದರೂ ಇದ್ದರೆ ಚೆನ್ನ. ಈಗ ಬೆಂಗಳೂರು ಕೇಂದ್ರ ಪ್ರಸಾರ ಮಾಡುವುದು 612 ಕಿಲೋಹರ್ಟ್ಸ್‌ನಲ್ಲಿ. ಆ ತರಂಗಾಂತರ ಸುಮಾರು 490 ಮೀಟರ್, ಕಾಲು ಭಾಗ ಅಂದರೆ 122 ಮೀಟರ್. ಕಂಬದ ಬುಡದಿಂದ ಸುತ್ತಲೂ ತಾಮ್ರದ ತಂತಿಗಳನ್ನು ಚಕ್ರದ ಅರೆಗಳ ಹಾಗೆ ನೆಲದಡಿ ಹೂಳಬೇಕು, ಒಂದೊಂದೂ ಹೆಚ್ಚುಕಡಿಮೆ ಕಂಬದಷ್ಟೇ ಉದ್ದ. ಅದಕ್ಕೆ ಬೇಕಾಗುವುದು ಎಕರೆಗಟ್ಟಲೆ ಬಯಲು. ಒಂಟಿಕೊಪ್ಪಲಿನ ಮನೆಯ ಹಿತ್ತಲಲ್ಲಿ ಹುಟ್ಟಿದ ಕೇಂದ್ರವನ್ನು ಅಲ್ಲೇ ಹಿಗ್ಗಿಸಲು ಆಗುವುದಿಲ್ಲ. ಹೊಸ ಜಾಗ, ಹೊಸ ಕಂಬ ಹೇಗೂ ಬೇಕು ಅಂದಮೇಲೆ ಅದು ರಾಜಧಾನಿಯ ಪಕ್ಕದಲ್ಲೇ ಇರಲಿ ಎಂದು ಅಧಿಕಾರಿಗಳಿಗೆ ಅನಿಸುವುದು ಸಹಜ. ಮೈಸೂರಿನಲ್ಲೂ ಬಯಲಿಗೇನು ಬರ ಇರಲಿಲ್ಲ ಅನ್ನುವ ವಾದವನ್ನೂ ನಾನು ಒಪ್ಪುತ್ತೇನೆ.

ಹೀಗೆ ಸ್ಟುಡಿಯೋ ಒಂದು ಕಡೆ ಹೋಯಿತು, ಹೆಸರು ಇನ್ನೊಂದು ಕಡೆ. ‘ಆಕಾಶವಾಣಿ’ ಎಂಬ ಹೆಸರು ಕೊಟ್ಟವರು ಗೋಪಾಲಸ್ವಾಮಿಯವರ ಸಹೋದ್ಯೋಗಿ ನಾ. ಕಸ್ತೂರಿ ಎಂಬುದು ಮೈಸೂರಿನಲ್ಲಿ ಬೇರೂರಿರುವ ಮಾತು. ಬಂಗಾಳದವರು ರವೀಂದ್ರರ ಹೆಸರು ಹೇಳುತ್ತಾರೆ. 1938ರಲ್ಲಿ ಕಲ್ಕತ್ತದ ಶಾರ್ಟ್‌ವೇವ್ ಕೇಂದ್ರಕ್ಕೆಂದು ಅವರು ಬರೆದ ಪದ್ಯದಲ್ಲಿ ಆ ಪದ ಇದೆ, ನಿಜ. ಆದರೆ ಮೈಸೂರಿನದು 1935, ತಗಾದೆಗೆ ಹೆಚ್ಚು ಜಾಗವಿಲ್ಲ. 1950ರ ದಶಕದ ನಡುವೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. 2023ರ ಮೇ ತಿಂಗಳಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಎಂಬುದನ್ನು ಬಿಟ್ಟು ಎಲ್ಲೆಡೆ ಆಕಾಶವಾಣಿ ಎಂದೇ ಬಳಸಬೇಕೆಂದು ಅದನ್ನು ನಡೆಸುವ ಸಂಸ್ಥೆಯಾದ ಪ್ರಸಾರ ಭಾರತಿ ಸೂಚಿಸಿತು.

1974ರಲ್ಲಿ ಮೈಸೂರಿಗೆ ಮತ್ತೆ ಕೇಂದ್ರ ಬಂತು. ಇದು ಹಳೆಯದರ ಮುಂದುವರಿಕೆ ಅಲ್ಲ. ಅನುಮತಿ ಕೇಂದ್ರ ಸರ್ಕಾರದ್ದು, ಸಲಕರಣೆ ಹೊಸದು, ಸಿಬ್ಬಂದಿ ಸರ್ಕಾರಿ ನೌಕರರು. ದುಡ್ಡು ಬಜೆಟ್ಟಿನದು. ಈಗ ಧಾಟಿ ನೋಡಿ. ಆಕಾಶವಾಣಿಯಲ್ಲಿ ‘ಫಿಕ್ಸ್ಡ್ ಪಾಯಿಂಟ್ ಚಾರ್ಟ್’ ಎಂಬುದೊಂದಿದೆ. ವಾರದ ಯಾವ ದಿನ, ಯಾವ ಹೊತ್ತಿಗೆ, ಯಾವ ಬಗೆಯ ಕಾರ್ಯಕ್ರಮ, ಎಷ್ಟು ನಿಮಿಷ, ಎಲ್ಲ ಅದರಲ್ಲಿ ಮೊದಲೇ ನಿಗದಿ. ರೈತರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಯುವಕರಿಗೆ, ಶಾಸ್ತ್ರೀಯ ಸಂಗೀತಕ್ಕೆ, ಸುದ್ದಿಗೆ, ಹೀಗೆ ಪಾಲು ಹಂಚಿಕೆ. ಜಾಹೀರಾತಿನ ಕೇಂದ್ರ ಹೀಗೆ ಮಾಡಿದರೆ ಮುಚ್ಚಬೇಕಾಗುತ್ತದೆ, ಏಕೆಂದರೆ ಒಬ್ಬನೇ ಕೇಳುಗ ಒಂದು ಗಂಟೆ ಕೂತು ಇವೆಲ್ಲವನ್ನೂ ಕೇಳುವುದಿಲ್ಲ. ಬಜೆಟ್ಟಿನ ಕೇಂದ್ರಕ್ಕೆ ಹಾಗೆ ಕೂರಿಸುವ ದರ್ದಿಲ್ಲ. ಮಂಡ್ಯದ ಕಬ್ಬಿನ ಗದ್ದೆಯವನು ಸಂಜೆ ಕೃಷಿ ಕಾರ್ಯಕ್ರಮಕ್ಕೆ ಹಾಕಿ, ಮುಗಿದ ಮೇಲೆ ಆರಿಸಿದರೂ ಸಾಕು. ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಬಿತ್ತನೆಗೆ ಯಾವ ತಳಿ, ಗರಿಗೆ ರೋಗ ಬಂದರೆ ಏನು ಮಾಡಬೇಕು ಎಂಬುದು ಅವನಿಗೆ ಗೊತ್ತಾಯಿತೋ ಇಲ್ಲವೋ ಎಂಬುದೇ ಅಲ್ಲಿ ಅಳತೆ.

ಈಗ ಮೈಸೂರು ಆಕಾಶವಾಣಿ ಸಿಗುವುದು ಎಫ್‌ಎಂ 100.6 ಮೆಗಾಹರ್ಟ್ಸ್‌ನಲ್ಲಿ. ಎಫ್‌ಎಂ ಏರಿಯಲ್ಲಿನ ಒಂದೊಂದು ತುಂಡೂ ಒಂದೂವರೆ ಮೀಟರ್ ಅಷ್ಟೇ. ಎಕರೆ ಬಯಲು ಬೇಡ, ಎತ್ತರ ಬೇಕು. ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಸಾಗುತ್ತದೆ. ಲೆಕ್ಕ ಸುಲಭ: ಪ್ರಸಾರದ ಕಂಬದ ಎತ್ತರವನ್ನೂ ಕೇಳುಗರ ಏರಿಯಲ್ಲಿನ ಎತ್ತರವನ್ನೂ ಮೀಟರಿನಲ್ಲಿ ತೆಗೆದುಕೊಂಡು, ಎರಡರ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿ. ಕಿಲೋಮೀಟರ್ ಸಿಗುತ್ತದೆ. 100 ಮೀಟರ್ ಕಂಬ, ಮಹಡಿ ಮೇಲೆ 10 ಮೀಟರ್ ಎತ್ತರದ ಏರಿಯಲ್ ಇದ್ದರೆ ಸುಮಾರು 54 ಕಿ.ಮೀ. ಸಮತಟ್ಟು ನೆಲಕ್ಕೆ ಈ ಲೆಕ್ಕ. ನಡುವೆ ಗುಡ್ಡ ಬಂದರೆ ನೆರಳು. ಚಾಮುಂಡಿ ಬೆಟ್ಟ ಊರಿನ ನೆಲಮಟ್ಟಕ್ಕಿಂತ ಇನ್ನೂರೈವತ್ತು ಮೀಟರಿಗೂ ಹೆಚ್ಚು ಎತ್ತರಕ್ಕೆ ಎದ್ದು ನಿಂತಿದೆ. ಬೆಟ್ಟದ ಮರೆಯಲ್ಲಿ ಕೆಲವು ಕಡೆ ಕಾರಿನ ರೇಡಿಯೋ ಒಮ್ಮೆ ಗೊರಗೊರ ಅಂದು ಸರಿಹೋಗುವುದಕ್ಕೆ ಅದೇ ಕಾರಣ. ಟ್ರಾನ್ಸ್‌ಮಿಟರ್ ಕೆಟ್ಟಿದೆ ಎಂದು ಡ್ಯೂಟಿ ರೂಮಿಗೆ ಫೋನ್ ಮಾಡಬೇಡಿ.

ಖಾಸಗಿ ಎಫ್‌ಎಂಗೆ ಬರೋಣ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಏಕಸ್ವಾಮ್ಯ ಅಲ್ಲ ಎಂದಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾಯಿತು. ಆದರೆ ಆ ಮೊದಲ ಹಂತದ ಲೆಕ್ಕಾಚಾರ ತಪ್ಪಿತ್ತು. ಹರಾಜಿನಲ್ಲಿ ಕೂಗಿದ ಶುಲ್ಕ ಆದಾಯ ಬರಲಿ ಬಿಡಲಿ ವರ್ಷಕ್ಕೆ ಶೇಕಡ 15ರಂತೆ ಏರುತ್ತಿತ್ತು. ಹಲವರು ಹಣ ಕಟ್ಟಲಾರದೆ ಕೈಬಿಟ್ಟರು. 2005ರ ಎರಡನೇ ಹಂತದಲ್ಲಿ ಒಂದು ಸಲದ ಪ್ರವೇಶ ಶುಲ್ಕ, ಆಮೇಲೆ ಒಟ್ಟು ಆದಾಯದ ಶೇಕಡ 4ರಷ್ಟು ಎಂದು ಬದಲಾದ ಮೇಲೆಯೇ ಮೈಸೂರಿನಂಥ ‘ಸಿ’ ದರ್ಜೆಯ (ಮಧ್ಯಮ ಗಾತ್ರದ) ಊರುಗಳಲ್ಲಿ ಖಾಸಗಿ ಕೇಂದ್ರ ಸಾಧ್ಯವಾದದ್ದು.

92.7ರ ಬಿಗ್ ಎಫ್‌ಎಂ ನಮ್ಮ ವಾದಕ್ಕೆ ಸರಿಯಾದ ಪರೀಕ್ಷೆ. ಇದು ಮೊದಲು ಅನಿಲ್ ಅಂಬಾನಿ ಬಳಗದ ರಿಲಯನ್ಸ್ ಬ್ರಾಡ್‌ಕಾಸ್ಟ್ ನೆಟ್‌ವರ್ಕಿನದಾಗಿತ್ತು. 2019ರಲ್ಲಿ ರೇಡಿಯೋ ಸಿಟಿಯ ಒಡೆತನ ಹೊಂದಿರುವ ಮ್ಯೂಸಿಕ್ ಬ್ರಾಡ್‌ಕಾಸ್ಟ್ ಕಂಪನಿ ಅದನ್ನು ಕೊಳ್ಳಲು ಮುಂದಾಯಿತು, ವ್ಯವಹಾರ ಕುದುರಲಿಲ್ಲ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ, 2024ರಲ್ಲಿ ಕಂಪನಿ ನ್ಯಾಯಮಂಡಳಿಯ ಒಪ್ಪಿಗೆಯೊಂದಿಗೆ ಸಫೈರ್ ಮೀಡಿಯಾ ಪಾಲಾಯಿತು. ಆಸ್ಪತ್ರೆಗೋ ಅಂಗಡಿಗೋ ಹೋಗುವ ದಾರಿಯಲ್ಲಿ ಅದನ್ನು ಕೇಳುವ ನಿಮ್ಮಲ್ಲಿ ಎಷ್ಟು ಜನಕ್ಕೆ ಇದು ಕಿವಿಯಿಂದ ಗೊತ್ತಾಯಿತು? ಯಜಮಾನ ಬದಲಾದ, ದುಡ್ಡಿನ ದಾರಿ ಬದಲಾಗಲಿಲ್ಲ.

ಆ ದಾರಿಯನ್ನು ಗಂಟೆಯ ಲೆಕ್ಕದಲ್ಲಿ ಬಿಡಿಸಿ ತೋರಿಸುತ್ತೇನೆ. ಒಂದು ಗಂಟೆಯಲ್ಲಿ 12 ನಿಮಿಷ ಜಾಹೀರಾತು ಎಂದಿಟ್ಟುಕೊಳ್ಳಿ. ನಾಲ್ಕು ನಿಮಿಷದ ಹತ್ತು ಹಾಡು ಹಾಕಿದರೆ 40. ಆರ್‌ಜೆಯ (ನಿರೂಪಕರ) ಮಾತಿಗೆ, ಜಿಂಗಲ್ಲಿಗೆ ಉಳಿದದ್ದು 8 ನಿಮಿಷ. ಅದನ್ನು ಆರು ತುಂಡು ಮಾಡಿದರೆ ಒಂದೊಂದಕ್ಕೆ ಎಂಬತ್ತು ಸೆಕೆಂಡು. ಎಂಬತ್ತು ಸೆಕೆಂಡಿನಲ್ಲಿ ಊರಿನ ಬಗ್ಗೆ ಏನು ಹೇಳಲಾದೀತು? ‘ಆರ್‌ಜೆಗಳು ಬಾಯಿಗೆ ಬಂದದ್ದು ಒದರುತ್ತಾರೆ’ ಎಂದು ಬೈಯುವವರು ಈ ಗಡಿಯಾರವನ್ನೊಮ್ಮೆ ನೋಡಬೇಕು. ಮೇಲಾಗಿ 2011ರ ಮೂರನೇ ಹಂತದ ನೀತಿಯಲ್ಲಿ ಒಂದೇ ಕಂಪನಿಯ ಕೇಂದ್ರಗಳು ಕಾರ್ಯಕ್ರಮ ಹಂಚಿಕೊಳ್ಳಬಹುದು. ದಿನದ ಪ್ರಸಾರದಲ್ಲಿ ಶೇಕಡ 20ರಷ್ಟು ಮಾತ್ರ ಆ ಊರಿನ ಭಾಷೆಯಲ್ಲಿ, ಸ್ಥಳೀಯ ವಿಷಯಕ್ಕೆ ಒತ್ತು ಕೊಟ್ಟಿದ್ದರೆ ಸಾಕು. ಬೆಂಗಳೂರಿನಲ್ಲಿ ಕೂತು ಮೈಸೂರಿನ ಗಂಟೆ ತುಂಬಿಸುವುದು ಅಗ್ಗ, ಹಾಗಾಗಿ ತುಂಬಿಸುತ್ತಾರೆ. ಸುದ್ದಿಯಂತೂ ಕೂಡದು. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದಿದ್ದ ಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೇ.

ಸಮುದಾಯ ಬಾನುಲಿ ಮೂರನೇ ಬಗೆ. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಅವಕಾಶ ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ಸರಗೂರಿನ ‘ಜನಧ್ವನಿ’ 90.8ರಲ್ಲಿ ಇದೆ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನದು. ಈ ಕೇಂದ್ರಗಳ ಪ್ರಸಾರ ಶಕ್ತಿಗೆ 100 ವ್ಯಾಟ್‌ನ ಮಿತಿ ಇದೆ. ಜಾಹೀರಾತಿಗೂ ಮಿತಿ. 2024ರ ತಿದ್ದುಪಡಿಯಲ್ಲಿ ಗಂಟೆಗೆ 7 ನಿಮಿಷ ಇದ್ದದ್ದು 12 ಆಯಿತು. ಸರ್ಕಾರಿ ಜಾಹೀರಾತಿನ ದರ ಹತ್ತು ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಯಿತು. ಗುಣಿಸಿ ನೋಡಿ: ಗಂಟೆಯಲ್ಲಿ 72 ಜಾಹೀರಾತು ತುಂಬಿದರೆ 5,328 ರೂಪಾಯಿ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ 72 ಎಂದೂ ತುಂಬುವುದಿಲ್ಲ. ಸಣ್ಣ ಊರಿನ ಕೇಂದ್ರಕ್ಕೆ ದಿನಕ್ಕೆ ಹತ್ತು ಸಿಕ್ಕರೆ 740 ರೂಪಾಯಿ, ಒಬ್ಬರ ದಿನಗೂಲಿ. ಉಳಿದದ್ದು ಅನುದಾನ. ಆರೋಗ್ಯದ ಯೋಜನೆ ಬಂದ ವರ್ಷ ಆರೋಗ್ಯದ ಕಾರ್ಯಕ್ರಮ, ನೀರಿನ ಯೋಜನೆ ಬಂದ ವರ್ಷ ನೀರಿನದು. ದೇಶದ ಯಾವ ಸಮುದಾಯ ಬಾನುಲಿಯ ಹಳೆಯ ಕಾರ್ಯಕ್ರಮ ಪಟ್ಟಿ ತೆಗೆದರೂ ಅನುದಾನಗಳ ಇತಿಹಾಸ ಓದಬಹುದು.

ಇಲ್ಲಿ ಕೂತಿರುವವರಲ್ಲಿ ಯಾರಾದರೂ ಇಂಥ ಒಂದು ಕೇಂದ್ರದ ಚರಿತ್ರೆ ಬರೆಯಲು ಹೊರಟರೆ ಎಲ್ಲಿಂದ ಶುರುಮಾಡಬೇಕು? ಉದ್ಘಾಟನೆಯ ಫೋಟೋದಿಂದ ಬೇಡ. ಕ್ಯೂಶೀಟಿನಿಂದ ಶುರುಮಾಡಿ. ಆಯಾ ದಿನದ ಪ್ರಸಾರದಲ್ಲಿ ಎಷ್ಟು ಗಂಟೆಗೆ ಏನು, ಟೇಪಿನ ಸಂಖ್ಯೆ ಎಷ್ಟು, ಅವಧಿ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಪತ್ರಿಕೆಗೆ ಕೊಟ್ಟ ಕಾರ್ಯಕ್ರಮ ಪಟ್ಟಿ ಏನು ಹಾಕಬೇಕೆಂದಿದ್ದರು ಎಂಬುದನ್ನು ಹೇಳುತ್ತದೆ. ಡ್ಯೂಟಿ ಆಫೀಸರರ ವರದಿ ಏನು ಆಯಿತು ಎಂಬುದನ್ನು ಹೇಳುತ್ತದೆ: ಕಲಾವಿದರು ಬರಲಿಲ್ಲ, ಕರೆಂಟು ಹೋಗಿ ನಾಲ್ಕು ನಿಮಿಷ ಮೌನ, ಬದಲಿಗೆ ವೀಣೆಯ ರೆಕಾರ್ಡು ಹಾಕಲಾಯಿತು. ಮೂರನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಕಂಪನಿಯ ಕೇಂದ್ರವಾದರೆ ಮಾಲೀಕತ್ವಕ್ಕೆ ಕಂಪನಿಗಳ ರಿಜಿಸ್ಟ್ರಾರರ ಬಳಿಯ ಕಡತ, ಅನುಮತಿಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಪಟ್ಟಿ, ತರಂಗಕ್ಕೆ ವೈರ್‌ಲೆಸ್ ಪ್ಲಾನಿಂಗ್ ವಿಭಾಗ. ಒಂದೇ ಕೇಂದ್ರಕ್ಕೆ ಮೂರು ಕಡೆ ಮೂರು ಹೆಸರು ಕಂಡರೆ ಗಾಬರಿ ಬೇಡ. ಜಾಹೀರಾತಿನ ಹೆಸರು ಬೇರೆ, ಅನುಮತಿ ಹೊಂದಿದ ಕಂಪನಿ ಬೇರೆ ಇರುವುದು ಈ ವ್ಯಾಪಾರದಲ್ಲಿ ಮಾಮೂಲು.

ಕೊನೆಯದಾಗಿ ಟೇಪು. ಅಟ್ಟದ ಮೇಲೆ ಕಾಲು ಇಂಚಿನ ಸುರುಳಿ ಇಟ್ಟುಕೊಂಡಿರುವ ಕಲಾವಿದರ ಮನೆಗಳು ಈ ಊರಿನಲ್ಲಿ ಈಗಲೂ ಇವೆ. 1,200 ಅಡಿಯ ಸುರುಳಿ ಸೆಕೆಂಡಿಗೆ ಏಳೂವರೆ ಇಂಚಿನ ವೇಗದಲ್ಲಿ 32 ನಿಮಿಷ ಓಡುತ್ತದೆ. ಅರ್ಧ ಗಂಟೆಯ ಒಂದು ಕಾರ್ಯಕ್ರಮಕ್ಕೆ ಸರಿಯಾಗಿ ಒಂದು. ಕೈಗೆ ಸಿಕ್ಕ ತಕ್ಷಣ ಯಂತ್ರಕ್ಕೆ ಹಾಕಿ ಕೇಳಬೇಡಿ. ಮೊದಲು ಸುರುಳಿಯನ್ನು ಬೆಳಕಿಗೆ ಹಿಡಿಯಿರಿ. ಅಂಚಿನಿಂದ ಬೆಳಕು ತೂರಿಬಂದರೆ ಟೇಪಿನ ಪಟ್ಟಿ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು, ಬರದಿದ್ದರೆ ಬಹುಮಟ್ಟಿಗೆ ಪಾಲಿಯೆಸ್ಟರಿನದು. ಅಸಿಟೇಟ್ ಕೆಡುತ್ತಿದ್ದರೆ ವಿನೆಗರ್ ವಾಸನೆ ಹೊಡೆಯುತ್ತದೆ. ಅಂಥದ್ದನ್ನು ಉಳಿದವುಗಳಿಂದ ದೂರ ಇಡಿ, ಎಳೆದರೆ ಪಟ್ಟನೆ ತುಂಡಾಗುತ್ತದೆ. ಪಾಲಿಯೆಸ್ಟರ್ ಟೇಪು ಯಂತ್ರದ ಹೆಡ್ಡಿಗೆ ಅಂಟಿ ಕಿರ್ರೆಂದು ಕೂಗಿದರೆ ಅದರ ಅಂಟು ತೇವ ಹೀರಿದೆ ಎಂದರ್ಥ. ಲ್ಯಾಬಿನ ಓವನ್‌ನಲ್ಲಿ 50ರಿಂದ 55 ಡಿಗ್ರಿಯಲ್ಲಿ ಎಂಟು ಗಂಟೆಯಾದರೂ ಕಾಯಿಸಿದರೆ ಕೆಲವು ವಾರದ ಮಟ್ಟಿಗೆ ಓಡುತ್ತದೆ, ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು. ಅಡುಗೆಮನೆಯ ಓವನ್ ಬೇಡ, ಅದರ ಬಿಸಿ ಒಂದೇ ಸಮ ಇರುವುದಿಲ್ಲ. ಅಸಿಟೇಟನ್ನಂತೂ ಎಂದಿಗೂ ಕಾಯಿಸಬಾರದು. ನಕಲು 24 ಬಿಟ್, 96 ಕಿಲೋಹರ್ಟ್ಸ್‌ನ ವೇವ್ ಫೈಲಿನಲ್ಲಿರಲಿ. ಎಂಪಿ3 ಬೇಕಾದರೆ ಆಮೇಲೆ ಅದರಿಂದ ಮಾಡಿಕೊಳ್ಳಿ. ಡಬ್ಬಿಯ ಮೇಲಿನ ಚೀಟಿ, ಒಳಗಿನ ಕ್ಯೂ ಕಾಗದ, ಡಬ್ಬಿಯ ಬೆನ್ನು, ಮೂರರ ಫೋಟೋವನ್ನೂ ಆ ಫೈಲಿನ ಹೆಸರಿನಲ್ಲೇ ಜೊತೆಗೆ ಉಳಿಸಿ. ದಿನಾಂಕ, ಕಲಾವಿದರ ಹೆಸರು, ಟೇಪು ಸಂಖ್ಯೆ ಇರುವುದು ಅಲ್ಲಿಯೇ.